ಬಿಬಿಸಿ ಮೈಕ್ರೋಗೆ ಎಸ್‌ಪಿ ರೋಡ್ ಡ್ರೈವು, 1770 ಕಂಟ್ರೋಲರ್: ನನ್ನ ಅನುಭವ

ಬಿಬಿಸಿ ಮೈಕ್ರೋ ಅಂದರೆ ಎಂಬತ್ತರ ದಶಕದಲ್ಲಿ ಬ್ರಿಟನ್ನಿನ ಆಕಾರ್ನ್ ಕಂಪನಿ ಮಾಡಿದ ಕಂಪ್ಯೂಟರ್. ಫ್ಲಾಪಿ ಡ್ರೈವನ್ನು ನಡೆಸುವ 8271 ಕಂಟ್ರೋಲರ್ ಚಿಪ್ ಇಲ್ಲದೆ ಅದರ ಮಾಡೆಲ್ ಬಿ ಯಲ್ಲಿ ಹಳೇ ಫ್ಲಾಪಿ ಓಡಲ್ಲ, ಪಿಸಿ ಡ್ರೈವಂತೂ ಕೆಲಸಕ್ಕೇ ಬರಲ್ಲ ಅಂತ ತಿಳಿದವರೆಲ್ಲ ಹೇಳಿದ್ದರು. ನನ್ನ ಟೇಬಲ್ ಮೇಲೆ ಈಗ ಅದರ ಬದಲಿಗೆ 1770 ಅನ್ನುವ ಕಂಟ್ರೋಲರ್ ಚಿಪ್ ಇದೆ, ಪಿಸಿಯಿಂದ ಬಿಚ್ಚಿದ ಎರಡು ಡ್ರೈವ್ ಇವೆ, ಎಲ್ಲವೂ ಓಡುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಮಷಿನ್ ಗುಜರಿಗೆ ಹೋಗುತ್ತಿದ್ದ ಶಾಲೆಯ ಸಾಮಾನಿನಲ್ಲಿ ಸಿಕ್ಕಿತು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಸರ್ಕಾರ ತಂದ 1984ರ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋಗಳೇ ಅಲ್ವಾ. ಜೊತೆಗೆ ಒಂದು ಡಬ್ಬ 5.25 ಇಂಚಿನ ಫ್ಲಾಪಿಗಳೂ ಬಂದವು, ಎಲ್ಲ 40 ಟ್ರ್ಯಾಕಿನವು (ಟ್ರ್ಯಾಕ್ ಅಂದರೆ ಡಿಸ್ಕಿನ ಮೇಲೆ ಡೇಟಾ ಕೂರುವ ಒಂದೊಂದು ಸುತ್ತು). ಕಂಟ್ರೋಲರ್ ಸಾಕೆಟ್ ಮಾತ್ರ ಖಾಲಿ.

ಮೊದಲು ಎಲ್ಲರ ಮಾತಿನಂತೆ 8271 ತರಿಸಿದೆ. ಪೋಸ್ಟೇಜ್ ಸೇರಿ ನಾಲ್ಕು ಸಾವಿರದ ಆಸುಪಾಸು. ಬಂದದ್ದು ಹಳೇ ಬರಹ ಉಜ್ಜಿ ಹೊಸದಾಗಿ ಅಚ್ಚು ಹಾಕಿದ ಸತ್ತ ಚಿಪ್, ಮಾರಿದವನು ಉತ್ತರವನ್ನೇ ಕೊಡಲಿಲ್ಲ. 8271 ಅಂದರೆ ಸಿಂಗಲ್ ಡೆನ್ಸಿಟಿ (ಡೇಟಾವನ್ನು ವಿರಳವಾಗಿ ಬರೆಯುವ ಹಳೇ ರೀತಿ) ಬಿಟ್ಟು ಬೇರೇನೂ ಮಾಡದ ಚಿಪ್, 1985ರ ಮಾಡೆಲ್ ಬಿ ಪ್ಲಸ್‌ನಲ್ಲಿ ಆಕಾರ್ನ್‌ನವರೇ ಅದನ್ನು ಬಿಟ್ಟು 1770ಕ್ಕೆ ಹೋದರು. ಹಾಗಿದ್ದ ಮೇಲೆ ನಾನ್ಯಾಕೆ ಅದಕ್ಕೇ ಜೋತುಬೀಳಬೇಕು? 8271ರ ಸಾಕೆಟ್ ಮೇಲೇ ಕೂರುವ 1770 ಬೋರ್ಡ್ ತರಿಸಿದೆ. ಕಸ್ಟಮ್ಸ್ ಸೇರಿ ಏಳು ಸಾವಿರ ಆಗಿರಬೇಕು.

ಇನ್ನು ಡ್ರೈವ್. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೊದಲು ಸಿಕ್ಕಿದ್ದು 1.2 ಎಂಬಿಯದು. ಅದು ನಿಮಿಷಕ್ಕೆ 360 ಸುತ್ತು ತಿರುಗುತ್ತದೆ, ನಮಗೆ ಬೇಕಾದ್ದು 300. ಒಂದು ಫ್ಲಾಪಿಯೂ ಓದಲಿಲ್ಲ, ವಾಪಸ್ ಕೊಟ್ಟೆ. ಆಮೇಲೆ ಹಳೇ ಎಕ್ಸ್‌ಟಿ ಪಿಸಿಯಿಂದ ಬಿಚ್ಚಿದ 360 ಕೆಬಿ ಡ್ರೈವ್ ಸಿಕ್ಕಿತು. 40 ಟ್ರ್ಯಾಕ್, 300 ಸುತ್ತು, ಶಾಲೆಯ ಫ್ಲಾಪಿಗೆ ಹೇಳಿ ಮಾಡಿಸಿದ ಹಾಗೆ. 40 ಟ್ರ್ಯಾಕೋ 80 ಟ್ರ್ಯಾಕೋ ಅಂತ ಬದಲಿಸುವ ಸ್ವಿಚ್ ಇರುವ ದುಬಾರಿ ಡ್ರೈವಿಗೆ ಹುಡುಕುವ ಅಗತ್ಯವೇ ಬೀಳಲಿಲ್ಲ. ಡ್ರೈವಿನ ನಂಬರ್ ಆರಿಸುವ ಪುಟ್ಟ ಕ್ಲಿಪ್, ಅಂದರೆ ಜಂಪರನ್ನು, ಮೊದಲ ಡ್ರೈವಿನ ಜಾಗಕ್ಕೆ ಹಾಕಿ. ಕೆಲವು ಕಂಪನಿಯವರು ಡಿಎಸ್0 ಯಿಂದ ಎಣಿಸುತ್ತಾರೆ, ಕೆಲವರು ಡಿಎಸ್1 ರಿಂದ, ನೋಡಿಕೊಂಡು ಹಾಕಿ.

ಎರಡನೆಯದು ಪಿಸಿಯ ಮಾಮೂಲಿ 3.5 ಇಂಚಿನ ಡ್ರೈವ್, ಇನ್ನೂರು ರೂಪಾಯಿಯೊಳಗೆ. ಎಲ್ಲರೂ ಅನುಮಾನ ಪಟ್ಟದ್ದು ಇದರ ಮೇಲೇ. ಪಿಸಿ ಕೇಬಲ್ಲಿನಲ್ಲಿ ಕೊನೆಯ ಕನೆಕ್ಟರಿಗೆ ಮುಂಚೆ ಏಳು ವೈರು ತಿರುಚಿರುತ್ತವೆ, ಆ ಕನೆಕ್ಟರಿಗೆ ಹಾಕಿದರೆ ಮೋಟರ್ ಮತ್ತು ಸೆಲೆಕ್ಟ್ ಲೈನುಗಳು ಅದಲುಬದಲಾಗಿ ಡ್ರೈವ್ ಸುಮ್ನೆ ಕೂರುತ್ತದೆ. ನೇರ ಕೇಬಲ್ ಹಾಕಿ. ಪಿಸಿ ಡ್ರೈವ್ ಹುಟ್ಟಿದಾಗಿನಿಂದ ಎರಡನೇ ಡ್ರೈವ್ ಆಗಿಯೇ ಸೆಟ್ ಆಗಿರುತ್ತದೆ, ಹಾಗಾಗಿ ಬಿಬಿಸಿಗೆ ಅದು ಡ್ರೈವ್ 1 ಆಗಿ ಕಾಣುತ್ತದೆ, ಹಿಂದಿನ ಬದಿ ಡ್ರೈವ್ 3. ಬಿಬಿಸಿಯ ಡಿಸ್ಕ್ ಸಾಫ್ಟ್‌ವೇರ್ ಆದ ಡಿಎಫ್‌ಎಸ್‌ನಲ್ಲಿ 80 ಟ್ರ್ಯಾಕ್ ಫಾರ್ಮ್ಯಾಟ್ ಮಾಡಿದರೆ ಬದಿಗೆ 200 ಕೆಬಿ. ಜಂಪರ್ ಇಲ್ಲದ ಇಂಥ ಡ್ರೈವನ್ನು ಡ್ರೈವ್ 0 ಮಾಡಿ ಬೂಟ್ ಮಾಡಿಸುವ ಉಪಾಯವೂ ನನ್ನ ಹತ್ತಿರ ಇದೆ, ಅದನ್ನು ಸದ್ಯಕ್ಕೆ ಬರೆಯುವುದಿಲ್ಲ.

ಎಚ್‌ಡಿ (ಹೈ ಡೆನ್ಸಿಟಿ) ಫ್ಲಾಪಿಯ ತೂತಿಗೆ ಟೇಪ್ ಅಂಟಿಸಿ ಡಿಡಿ (ಡಬಲ್ ಡೆನ್ಸಿಟಿ) ಫ್ಲಾಪಿಯಂತೆ ಬಳಸಿಯೂ ನೋಡಿದೆ. ಬರೆದ ದಿನ ಚೆನ್ನಾಗಿ ಓದಿತು, ಕೆಲವು ತಿಂಗಳಲ್ಲಿ ಎರರ್ ಶುರು. ಡಿಡಿ ಫ್ಲಾಪಿಗೇ ದುಡ್ಡು ಹಾಕಿ. ಸತ್ತ ಅಟಾರಿ ಎಸ್‌ಟಿ ಕಂಪ್ಯೂಟರಿನ 1772 ಚಿಪ್ಪನ್ನೂ 1770ರ ಜಾಗದಲ್ಲಿ ಕೂರಿಸಿದೆ. ಕಾಲುಗಳು ಒಂದೇ, ಆದರೆ 20 ಮತ್ತು 30 ಮಿಲಿಸೆಕೆಂಡಿನ ಸ್ಟೆಪ್ (ಹೆಡ್ ಒಂದು ಟ್ರ್ಯಾಕ್ ಸರಿಯುವ ಸಮಯ) ಜಾಗದಲ್ಲಿ 2 ಮತ್ತು 3 ಬರುತ್ತದೆ. ಹಳೇ 40 ಟ್ರ್ಯಾಕ್ ಡ್ರೈವ್ ಆ ವೇಗಕ್ಕೆ ಹೆಡ್ ಓಡಿಸಲಾರದು. ಕೀಬೋರ್ಡಿನ ಬೋರ್ಡಿನಲ್ಲಿರುವ ಲಿಂಕ್ ಬದಲಿಸಿ ಸ್ಟೆಪ್ಪನ್ನು 6 ಮಿಲಿಸೆಕೆಂಡಿಗೆ ಇಟ್ಟ ಮೇಲೇ ಸರಿಹೋಯಿತು.

ಆಕಾರ್ನ್‌ನವರದೇ ಇನ್ನೊಂದು ಡಿಸ್ಕ್ ಸಾಫ್ಟ್‌ವೇರ್ ಎಡಿಎಫ್‌ಎಸ್ ಹಾಕಿದರೆ ಒಂದು ಡಿಸ್ಕಿಗೆ 640 ಕೆಬಿ ಸಿಗುತ್ತದೆ ನಿಜ, ಆದರೆ ಡಿಎಫ್‌ಎಸ್ ಆಗಲೇ ಸುಮಾರು 2.75 ಕೆಬಿ ರ‍್ಯಾಮ್ ತಿಂದಿರುತ್ತದೆ, ಎಡಿಎಫ್‌ಎಸ್ ಇನ್ನೊಂದು ಕೆಬಿ ಜಾಸ್ತಿ ತಿನ್ನುತ್ತದೆ. 32 ಕೆಬಿ ಮಷಿನಿನಲ್ಲಿ ನನಗೆ ಅದು ಬೇಡ ಅನಿಸಿತು.

8271 ಜೊತೆ ನೇರವಾಗಿ ಮಾತಾಡುವ, ಕಾಪಿ ರಕ್ಷಣೆ ಇರುವ ಎರಡು ಮೂರು ಆಟಗಳು ಓಡಲ್ಲ. ಶಾಲೆಯ ಫ್ಲಾಪಿಗಳಲ್ಲಿ ಬೂಷ್ಟು ಹಿಡಿದವನ್ನು ಬಿಟ್ಟು ಮಿಕ್ಕವೆಲ್ಲ ಓದಿದವು. ಬೂಷ್ಟಿನ ಫ್ಲಾಪಿ ಹಾಕಿದ ಮೇಲೆ ಹೆಡ್ಡನ್ನು ಐಸೊಪ್ರೊಪೈಲ್‌ನಲ್ಲಿ ಒರೆಸದೆ ಇನ್ನೊಂದನ್ನು ಹಾಕಬೇಡಿ. ಆ ಸತ್ತ ಚಿಪ್ಪಿಗೆ ಹೋದದ್ದನ್ನು ಬಿಟ್ಟರೆ ಒಟ್ಟು ಖರ್ಚು ಒಂಬತ್ತು ಸಾವಿರದ ಒಳಗೇ ಮುಗಿಯಿತು.