ದಂಡೆ ಸರಿಯಿದ್ದರೆ ಕಪ್ಪೆ ತಾನಾಗಿ ಬರುತ್ತದೆ

ಗಾಜಿನ ತೊಟ್ಟಿಯೊಳಗೆ ಅರ್ಧ ನೀರು, ಅರ್ಧ ನೆಲ ಮಾಡಿ, ಗಿಡ ಬೆಳೆಸಿ, ಪುಟ್ಟ ಕಪ್ಪೆಗಳಿಗೆ ಮನೆ ಕಟ್ಟುವುದಕ್ಕೆ ಪಲುಡೇರಿಯಂ ಅನ್ನುತ್ತಾರೆ. ಬೆಳಗಾವಿಯ ನಮ್ಮ ಹಿತ್ತಲಲ್ಲಿ ನಾನೂ ಒಂದನ್ನು ಮಾಡಿಕೊಂಡಿದ್ದೇನೆ. ಆದರೆ ನನ್ನ ತೊಟ್ಟಿಗೆ ಮುಚ್ಚಳ ಇಲ್ಲ. ಕಪ್ಪೆಗಳನ್ನೂ ನಾನು ತಂದು ಬಿಟ್ಟಿಲ್ಲ, ಅವೇ ಬಂದಿವೆ.

ಖಾನಾಪುರ, ಜಾಂಬೋಟಿ, ಭೀಮಗಡದ ಕಾಡು ಇಷ್ಟು ಹತ್ತಿರ ಇರುವಾಗ ಅಲ್ಲಿಂದಲೇ ಒಂದೆರಡು ಹಿಡಿದು ತರಬಾರದೇ ಎಂದು ಗೆಳೆಯರು ಕೇಳುತ್ತಾರೆ. ಖಂಡಿತ ತರಬಾರದು. ಹರಿಯುವ ಹಳ್ಳದ ತಂಪಿಗೆ, ಅಲ್ಲಿನ ಕಲ್ಲುಸಂದಿಗೆ ಒಗ್ಗಿದ ಜೀವ ಅದು. ಊರೊಳಗಿನ ತೊಟ್ಟಿಯಲ್ಲಿ ಬಾಳುವುದಿಲ್ಲ. ಬಣ್ಣಬಣ್ಣದ ವಿದೇಶಿ ಡಾರ್ಟ್ ಕಪ್ಪೆಗಳು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಪಟ್ಟಿಯಲ್ಲಿವೆ, ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ನನಗೆ ಅವುಗಳ ಆಸೆ ಇಲ್ಲ. ನಮ್ಮ ಹಿತ್ತಲಲ್ಲೇ ಮಳೆಗಾಲದ ರಾತ್ರಿ ಕೂಗುವವು ಇರುವಾಗ ಬೇರೆ ಯಾಕೆ ಬೇಕು?

ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ಮುಂದಿನ ಗಾಜನ್ನು ಅರ್ಧ ಎತ್ತರಕ್ಕೆ ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿಸಿದೆ. ಬಾಗಿಲಿನಿಂದ ದೂರ, ಸೂರಿನ ಕೆಳಗೆ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಕಡೆ ನೆಲಕ್ಕೇ ಇಟ್ಟಿದ್ದೇನೆ. ಕಪ್ಪೆ ಇದ್ದಲ್ಲಿ ಹಾವು ಬಂದೀತು ಅನ್ನುವ ಹಿರಿಯರ ಮಾತು ಸುಳ್ಳಲ್ಲ, ಅದಕ್ಕೇ ಬಾಗಿಲಿನಿಂದ ದೂರ. ನಡುವೆ ಸಿಲಿಕೋನ್‌ನಿಂದ ಒಂದು ಅಡ್ಡಗಾಜು ಅಂಟಿಸಿದೆ. ಬೂಷ್ಟು ತಡೆಯುವ ಔಷಧ ಬೆರೆಸಿದ ಸಿಲಿಕೋನ್ ಬೇಡ, ಅದು ಕಪ್ಪೆಗೆ ವಿಷ. ಅಂಟಿಸಿದ ಮೇಲೆ ಹುಳಿವಾಸನೆ ಪೂರ್ತಿ ಹೋಗುವ ತನಕ ನೀರು ಹಾಕಬೇಡಿ.

ನೆಲದ ಭಾಗಕ್ಕೆ ತಳದಲ್ಲಿ ಒಡೆದ ಹಂಚಿನ ಚೂರು, ಮೇಲೆ ನೈಲಾನ್ ಜಾಳಿಗೆ, ಅದರ ಮೇಲೆ ತೆಂಗಿನ ನಾರಿನ ಪುಡಿ, ಮರಳು, ಇದ್ದಿಲು, ಕೊಳೆತ ಎಲೆಯ ಗೊಬ್ಬರ. ಜಾಳಿಗೆ ಇಲ್ಲದಿದ್ದರೆ ಮಣ್ಣು ಕೆಳಗಿಳಿದು ಬೇರು ಕೊಳೆಯುತ್ತದೆ.

ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ನಿಜವಾದ ಕೆಲಸ ಇರುವುದು ನೀರು ಮತ್ತು ನೆಲ ಕೂಡುವ ಆ ನಾಲ್ಕು ಬೆರಳಿನ ಜಾಗದಲ್ಲಿ. ಹಣ, ಸಮಯ, ತಾಳ್ಮೆ ಎಲ್ಲವನ್ನೂ ದಂಡೆಗೇ ಹಾಕಿ ಅನ್ನುತ್ತೇನೆ ನಾನು. ಗೊದಮೊಟ್ಟೆಗೆ ಮೊದಲು ಹಿಂಗಾಲು, ಆಮೇಲೆ ಮುಂಗಾಲು ಮೂಡುತ್ತವೆ. ಮುಂಗಾಲು ಬಂದ ಹೊತ್ತಿಗೆ ಕಿವಿರು ಕರಗಿ ಶ್ವಾಸಕೋಶದ ಉಸಿರಾಟ ಶುರುವಾಗಿರುತ್ತದೆ. ಬಾಯಿಯ ಆಕಾರವೇ ಬದಲಾಗುತ್ತಿರುವುದರಿಂದ ಆ ದಿನಗಳಲ್ಲಿ ಅದು ತಿನ್ನುವುದೂ ಇಲ್ಲ, ಬಾಲವನ್ನೇ ಕರಗಿಸಿಕೊಂಡು ಜೀವ ಹಿಡಿದಿರುತ್ತದೆ. ಆಗ ನೀರಿನಿಂದ ಮೇಲೆ ಹತ್ತಲು ಇಳಿಜಾರು ಸಿಗದಿದ್ದರೆ ಕಪ್ಪೆ ಮರಿ ನೀರಲ್ಲೇ ಮುಳುಗಿ ಸಾಯುತ್ತದೆ. ನುಣುಪು ಗಾಜಿನ ಗೋಡೆಯ ತೊಟ್ಟಿ ಎಷ್ಟು ಚೆಂದ ಕಂಡರೂ ಮರಿಗಳ ಪಾಲಿಗೆ ಅದು ಹಾಳುಬಾವಿ.

ದಂಡೆಗೆ ನಾನು ಬಳಸಿದ್ದು ನಮ್ಮ ಕಡೆಯ ಜಂಬಿಟ್ಟಿಗೆ ಕಲ್ಲು. ಅದರ ಮೈತುಂಬ ತೂತು, ನೀರನ್ನು ಮೇಲಕ್ಕೆ ಹೀರುತ್ತದೆ. ಮಳೆಗಾಲ ಬಂದರೆ ಹಾವಸೆ ತಾನಾಗಿ ಹಿಡಿಯುತ್ತದೆ. ಒಡೆದ ತುಂಡುಗಳನ್ನು ಅಡ್ಡಗಾಜಿನ ಎರಡೂ ಬದಿ ಮೆಟ್ಟಿಲಿನ ಹಾಗೆ ಇಳಿಜಾರಾಗಿ ಜೋಡಿಸಿದೆ. ಹೊರಗಿನಿಂದ ಹತ್ತಿ ಬರಲು ಮುಂದಿನ ಗಾಜಿಗೂ ಹಾಗೇ. ಬಾಗಲಕೋಟೆ ಕಡೆಯ ಸುಣ್ಣಕಲ್ಲು ನೋಡಲು ಚೆಂದ, ಆದರೆ ನೀರನ್ನು ಗಡಸು ಮಾಡುತ್ತದೆ. ಕಲ್ಲಿನ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ತೊಟ್ಟಿಗೆ ಬೇಡ.

ನೀರು ಅರ್ಧ ಅಡಿ ಆಳ, ಸುಮಾರು 30 ಲೀಟರ್ ಹಿಡಿಯುತ್ತದೆ. ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳಿಂದ ನಳಕ್ಕೆ ಬರುವ ನೀರಲ್ಲಿ ಕ್ಲೋರಿನ್ ಇರುತ್ತದೆ. ಕಪ್ಪೆ ನೀರನ್ನು ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ. ಹಾಗಾಗಿ ನೀರಿನಲ್ಲಿರುವುದೆಲ್ಲ ನೇರ ಮೈಗೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟ ಮೇಲೆ ಹಾಕಬಹುದು. ನಾನಂತೂ ಬಾವಿ ನೀರೇ ಬಳಸುತ್ತೇನೆ. ನಮ್ಮದು ಬಾವಿಗಳ ಊರು. 1924ರ ಕಾಂಗ್ರೆಸ್ ಅಧಿವೇಶನಕ್ಕೆಂದು ತೋಡಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ.

ನೀರಂಚಿಗೆ ಬಜೆ, ಒಂದೆಲಗ, ಕಲ್ಲಿನ ಸಂದಿಗೆ ಜರಿಗಿಡ. ಮನಿ ಪ್ಲಾಂಟಿನ ಬೇರನ್ನು ನೀರಿಗೇ ಇಳಿಬಿಟ್ಟಿದ್ದೇನೆ, ಹೊಲಸಿನಿಂದ ಹುಟ್ಟುವ ನೈಟ್ರೇಟನ್ನು ಅದು ಹೀರಿಕೊಳ್ಳುತ್ತದೆ. ನರ್ಸರಿಯಿಂದ ತಂದ ಗಿಡವನ್ನು ಕೀಟನಾಶಕ ಹೋಗುವವರೆಗೆ ತೊಳೆದು, ಬೇರೆ ಬಕೆಟ್ಟಿನಲ್ಲಿ ಕೆಲವು ವಾರ ಇಟ್ಟು ಆಮೇಲೆ ನೆಡುತ್ತೇನೆ. ಇನ್ನೊಂದು ಎಚ್ಚರಿಕೆ: ತೊಟ್ಟಿಯ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ. ಕೈಟ್ರಿಡ್ ಅನ್ನುವ ಶಿಲೀಂಧ್ರ ನೀರಿನಿಂದಲೇ ಹರಡಿ ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಅಳಿಸಿಹಾಕಿದೆ.

ಸೊಳ್ಳೆಯ ಚಿಂತೆ ಸಹಜ. ಅದಕ್ಕಾಗಿ ಗಪ್ಪಿ ಮೀನು ಬಿಟ್ಟರೆ ಕಪ್ಪೆಯ ಮೊಟ್ಟೆ, ಎಳೆ ಗೊದಮೊಟ್ಟೆ ಎಲ್ಲ ಅದರ ಹೊಟ್ಟೆಗೆ. ನಾನು ಸಣ್ಣ ಏರ್ ಪಂಪಿಗೆ ಸ್ಪಂಜಿನ ಫಿಲ್ಟರ್ ಹಚ್ಚಿ ನೀರಿನ ಮೇಲ್ಮೈಯನ್ನು ಮೆಲ್ಲಗೆ ಅಲುಗಾಡಿಸುತ್ತಿರುತ್ತೇನೆ, ವಾರಕ್ಕೊಮ್ಮೆ ಬಲೆಯಿಂದ ಲಾರ್ವಾ ಎತ್ತುತ್ತೇನೆ. ಸೊಳ್ಳೆಮದ್ದಿನ ಹೊಗೆ ಹೊಡೆಯಲು ಬಂದಾಗ ತೊಟ್ಟಿಗೆ ಹಾಳೆ ಮುಚ್ಚುತ್ತೇನೆ.

ಮೊದಲು ಬಂದದ್ದು ಮರಗಪ್ಪೆ. ನೀರಿನ ಮೇಲೆ ಬಾಗಿಸಿ ಕಟ್ಟಿದ್ದ ಕೊಂಬೆಗೆ ನೊರೆಯ ಗೂಡು ಮಾಡಿತು. ಮರಿಗಳು ಅದರಿಂದ ಜಾರಿ ನೇರ ನೀರಿಗೆ ಬಿದ್ದವು. ನನ್ನ ಪ್ರೀತಿ ಮಾತ್ರ ಎರಡೂವರೆ ಸೆಂಟಿಮೀಟರೂ ದಾಟದ ಕಿರುಬಾಯಿ ಕಪ್ಪೆಯ ಮೇಲೆ, ಶಾಸ್ತ್ರದಲ್ಲಿ ಮೈಕ್ರೊಹೈಲಾ ಓರ್ನಾಟಾ. ಅದರ ಗೊದಮೊಟ್ಟೆಗಳ ಮೈ ಪಾರದರ್ಶಕ. ನೀರಿನ ನಡುವೆ ನಿಂತು ತೇಲುವ ಸೂಕ್ಷ್ಮ ಕಣಗಳನ್ನು ಸೋಸಿ ತಿನ್ನುತ್ತವೆ. ಆದ್ದರಿಂದ ನೀರು ಕನ್ನಡಿಯಂತೆ ತಿಳಿಯಾಗಿರಬೇಕೆಂಬ ಹಟ ಬಿಡಿ, ತುಸು ಹಸಿರಿದ್ದರೆ ಅದೇ ಅವುಗಳ ಊಟ. ದಂಡೆ ಹತ್ತಿದ ಮರಿಗಳಿಗೆ ಎಲೆಕಸದಲ್ಲಿ ಹುಟ್ಟುವ, ಪುಟಿದು ಹಾರುವ ಪುಟ್ಟ ಹುಳ ಸ್ಪ್ರಿಂಗ್‌ಟೇಲ್, ಸಣ್ಣ ಇರುವೆ, ಗೆದ್ದಲು ಸಾಕು. ಅದಕ್ಕೇ ನಾನು ಒಣಗಿದ ಎಲೆಯನ್ನು ಗುಡಿಸುವುದಿಲ್ಲ.

ಮಾಡುವ ಮನಸ್ಸಿದ್ದವರು ಮಿರಗದ ಮಳೆಯವರೆಗೆ ಕಾಯಬೇಡಿ. ಅದು ಕೂಡುವುದು ಜೂನ್ 7–8ಕ್ಕೆ. ನೀರಿನಲ್ಲಿ ಹೊಲಸಿನಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಏಪ್ರಿಲ್ ಮುಗಿಯುವುದರೊಳಗೆ ನೀರು ತುಂಬಿ, ಗಿಡ ನೆಟ್ಟು, ಪಂಪ್ ಹಚ್ಚಿಬಿಡಿ. ಬೇಸಿಗೆಯಲ್ಲಿ ಆರಿದಷ್ಟು ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಿರಿ.