ಕ್ಲಿನಿಕ್ ತಪಾಸಣೆಗೆ ಸಿದ್ಧತೆ: ಸೂಜಿಯಿಂದಲೇ ಶುರು ಮಾಡಿ

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಎಲ್ಲರ ಬಾಯಲ್ಲೂ ಅದು ಕೆಪಿಎಂಇ. ತಪಾಸಣೆಗೆ ಬಂದವರು ಕಾಗದದಲ್ಲಿ ಇರುವುದಕ್ಕೂ ಕೋಣೆಯಲ್ಲಿ ಇರುವುದಕ್ಕೂ ತಾಳೆ ನೋಡುತ್ತಾರೆ. ಹಾಸಿಗೆ ಇಲ್ಲದ, ವೈದ್ಯರ ಜತೆಗೆ ಒಬ್ಬ ನರ್ಸ್, ಒಬ್ಬ ಆಯಾ ಇರುವ ಸಣ್ಣ ಕ್ಲಿನಿಕ್ಕಿಗೆ ಇಲ್ಲಿನ ಕ್ರಮ ಸಾಕು.

ಕಾಗದಗಳನ್ನು ಒಂದೇ ಫೈಲಿಗೆ ತನ್ನಿ: ಕೆಪಿಎಂಇ ಪ್ರಮಾಣಪತ್ರ, ವೈದ್ಯರ ಮತ್ತು ನರ್ಸ್‌ನ ಕೌನ್ಸಿಲ್ ನೋಂದಣಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ, ತ್ಯಾಜ್ಯ ಒಯ್ಯುವ ಸಂಸ್ಥೆಯ ಜತೆಗಿನ ಒಪ್ಪಂದ. ಕೆಪಿಎಂಇ ನೋಂದಣಿಯ ಅವಧಿ 5 ವರ್ಷ. ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಮಂಡಳಿಯ ಅಧಿಕಾರಪತ್ರ ಒಮ್ಮೆ ಪಡೆದರಾಯಿತು. ಆದರೆ ಒಯ್ಯುವವರ ಜತೆಗಿನ ಒಪ್ಪಂದಕ್ಕೆ ಬೇರೆಯೇ ಅವಧಿ ಇರುತ್ತದೆ. ಸದ್ದಿಲ್ಲದೆ ಮುಗಿದುಹೋಗುವುದು ಅದೇ. ಪ್ರಮಾಣಪತ್ರ, ದರಪಟ್ಟಿ ಎರಡೂ ರೋಗಿಗಳು ಕೂರುವ ಜಾಗದಲ್ಲಿ ಕಾಣಬೇಕು. ವೈದ್ಯರ ಮೇಜಿನ ಹಿಂದೆ ತೂಗುಹಾಕಿದರೆ ಪ್ರಯೋಜನವಿಲ್ಲ. ಚೀಟಿ, ರಸೀದಿಗಳ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಅಚ್ಚಾಗಿರಲಿ.

ತ್ಯಾಜ್ಯ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಇಲ್ಲಿ ತಪ್ಪಿದರೆ ಗಾಯವಾಗುವುದು ಆಯಾಳ ಬೆರಳಿಗೆ, ಪೌರಕಾರ್ಮಿಕರ ಅಂಗೈಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ತಾಗಿದ ಹತ್ತಿ, ಬ್ಯಾಂಡೇಜು, ಅವಧಿ ಮೀರಿದ ಔಷಧ ಹಳದಿ ಚೀಲಕ್ಕೆ. ಸೂಜಿ ತೆಗೆದ ಸಿರಿಂಜು, ಡ್ರಿಪ್ ಕೊಳವೆ, ಕೈಗವಸು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ಆಂಪೂಲು, ಬಾಟಲಿ ನೀಲಿಗೆ. ಹಳದಿಯದು ಸುಡಲು ಹೋಗುತ್ತದೆ, ಕೆಂಪಿನದು ಹಬೆಯಲ್ಲಿ ಶುದ್ಧವಾಗಿ, ಚೂರಾಗಿ ಮರುಬಳಕೆಗೆ ಹೋಗುತ್ತದೆ. ಪಿವಿಸಿ ಕೊಳವೆ ಹಳದಿಗೆ ಬಿದ್ದರೆ ಬೆಂಕಿಯಲ್ಲಿ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಕೆಂಪು ಚೀಲಕ್ಕೆ ಬಿದ್ದ ಒಂದೇ ಒಂದು ಸೂಜಿ ಅದನ್ನು ಎತ್ತುವವರ ಕೈಗೆ ಚುಚ್ಚುತ್ತದೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಬಿಳಿ ಡಬ್ಬಿ, ಸೂಜಿ ಕತ್ತರಿಸುವ ಸಾಧನ ಎರಡೂ ಚುಚ್ಚುಮದ್ದು ಕೊಡುವ ಮೇಜಿನ ಮೇಲೆಯೇ, ಕೈಗೆಟಕುವಷ್ಟು ಹತ್ತಿರ ಇರಲಿ. ನಾಲ್ಕು ಹೆಜ್ಜೆ ದೂರ ಇಟ್ಟರೆ ಸೂಜಿ ಟ್ರೇಯಲ್ಲೇ ಉಳಿಯುತ್ತದೆ. ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಿಬಿಡಿ. ತ್ಯಾಜ್ಯ 48 ಗಂಟೆಗಿಂತ ಹೆಚ್ಚು ಉಳಿಯಬಾರದು. ಗಾಡಿ ಬಾರದಿದ್ದರೆ ಫೋನ್ ಮಾಡಿ, ಮಾಡಿದ ವೇಳೆಯನ್ನು ರಿಜಿಸ್ಟರಿನಲ್ಲಿ ಬರೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ತ್ಯಾಜ್ಯದ ವಾರ್ಷಿಕ ವರದಿಗೆ ಜೂನ್ 30 ಗಡುವು. ತ್ಯಾಜ್ಯದ ದಾಖಲೆ 5 ವರ್ಷ ಇರಬೇಕು.

ನೆಲಕ್ಕೆ ರಕ್ತ ಚೆಲ್ಲಿದರೆ ಶೇ 1ರ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಬೇಕು. ಬಾಟಲಿ ಶೇ 5ರದ್ದಾದರೆ 200 ಮಿ.ಲೀ.ಗೆ 800 ಮಿ.ಲೀ. ನೀರು; ಶೇ 10ರದ್ದಾದರೆ 100ಕ್ಕೆ 900. ದಿನವೂ ಹೊಸದಾಗಿ ಕಲಸಿ. ಬೆಳಕಿಗೆ ಇಟ್ಟ ದ್ರಾವಣ ಸತ್ವ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ.

ಸಿಬ್ಬಂದಿಯ ರಕ್ಷಣೆ

ನರ್ಸ್‌ಗೂ ಆಯಾಗೂ ಹೆಪಟೈಟಿಸ್ ಬಿ ಲಸಿಕೆ 0, 1, 6ನೇ ತಿಂಗಳು. ಕೊನೆಯ ಡೋಸಿನ ನಂತರ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ಪರೀಕ್ಷಿಸಿ. ಮಿ.ಲೀ.ಗೆ 10 ಮಿಲಿ ಯೂನಿಟ್ (mIU) ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆ ಎಂದರ್ಥ. ಆಯಾಳ ಲಸಿಕೆಯನ್ನೇ ಬಿಟ್ಟಿರುವುದು ತೀರಾ ಸಾಮಾನ್ಯ. ಇದು ಸಹಿಸಲಾಗದ ಅಸಡ್ಡೆ. ಸೂಜಿ ಚುಚ್ಚಿದರೆ ಸೋಪು, ಹರಿಯುವ ನೀರಿನಲ್ಲಿ ತೊಳೆಯಬೇಕು. ಹಿಂಡಬಾರದು, ಬಾಯಿಗಿಡಬಾರದು. ಎಚ್‌ಐವಿ ತಡೆಯ ಮಾತ್ರೆ 2 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಎಚ್‌ಐವಿಗೆ ಚಿಕಿತ್ಸೆ ಕೊಡುವ ಹತ್ತಿರದ ಎಆರ್‌ಟಿ ಕೇಂದ್ರದ ಫೋನ್ ಸಂಖ್ಯೆಯನ್ನು ಗೋಡೆಗೆ ಅಂಟಿಸಿ.

ಆಟೊಕ್ಲೇವ್, ಫ್ರಿಜ್, ತುರ್ತು ಟ್ರೇ

ಆಟೊಕ್ಲೇವ್ ಎಂದರೆ ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರ. ಬಟ್ಟೆ ಸುತ್ತಿದ ಉಪಕರಣಗಳಿಗೆ ಅದರಲ್ಲಿ 121 ಡಿಗ್ರಿಯಲ್ಲಿ 30 ನಿಮಿಷ. ಕಟ್ಟುಗಳನ್ನು ಒತ್ತೊತ್ತಾಗಿ ತುರುಕಿದರೆ ಹಬೆ ನಡುವಿಗೆ ತಲುಪದು. ಕಟ್ಟಿನ ಮೇಲೆ ಅಂಟಿಸಿದ ಸೂಚಕ ಟೇಪಿನ ಬಣ್ಣ ಬದಲಾದರೆ ಕಟ್ಟಿಗೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ಸೂಕ್ಷ್ಮಾಣು ಸತ್ತಿದೆ ಎಂದು ತಿಳಿಯಲು ವಾರಕ್ಕೊಮ್ಮೆ ಸ್ಪೋರ್ ಪರೀಕ್ಷೆ (ಬಿಸಿಗೆ ಸುಲಭವಾಗಿ ಸಾಯದ ಸೂಕ್ಷ್ಮಾಣು ಬೀಜಕಗಳನ್ನು ಒಳಗಿಟ್ಟು ನೋಡುವ ಪರೀಕ್ಷೆ) ಬೇಕು.

ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿ. ಬಾಗಿಲಿನ ಕಪಾಟಿನಲ್ಲಿ ಲಸಿಕೆ ಬೇಡ, ಊಟದ ಡಬ್ಬಿಯಂತೂ ಬೇಡವೇ ಬೇಡ. ಹೆಪ್ಪುಗಟ್ಟಿದ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಕರಗಿದರೂ ಕೆಲಸಕ್ಕೆ ಬಾರದು. ದಿನಕ್ಕೆರಡು ಸಲ ತಾಪಮಾನ ಬರೆಯಿರಿ. ತಿಂಗಳಿಡೀ ಒಂದೇ ಪೆನ್ನಿನಲ್ಲಿ 4, 4, 4 ಎಂದಿದ್ದರೆ ಕೂತಲ್ಲೇ ತುಂಬಿದ್ದು ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ಕರೆಂಟ್ ಹೋದ ದಿನ 9 ಬಂದಿದ್ದರೆ 9 ಎಂದೇ ಬರೆದು, ಆಗ ಏನು ಮಾಡಿದಿರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ತುರ್ತು ಟ್ರೇಯಲ್ಲಿ ಅಡ್ರಿನಲಿನ್ (ತೀವ್ರ ಅಲರ್ಜಿಗೆ ಕೊಡುವ ಚುಚ್ಚುಮದ್ದು), ಅಂಬು ಬ್ಯಾಗ್ (ಉಸಿರು ನಿಂತವರಿಗೆ ಕೈಯಿಂದ ಒತ್ತಿ ಗಾಳಿ ಕೊಡುವ ಚೀಲ) ಇರಲಿ. ಆಮ್ಲಜನಕದ ಸಿಲಿಂಡರಿನ ಕೀಲಿಯನ್ನು ಅದಕ್ಕೇ ಕಟ್ಟಿಡಿ. ಅಡ್ರಿನಲಿನ್‌ನ ಮುಗಿಯುವ ತಿಂಗಳನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.

ಎಲ್ಲ ಆದಮೇಲೆ ಆಯಾಳನ್ನು ಕೇಳಿ: ಕೈಗವಸು ಯಾವ ಚೀಲಕ್ಕೆ? ಸೂಜಿ ಚುಚ್ಚಿದರೆ ಮೊದಲು ಏನು ಮಾಡುತ್ತೀರಿ? ತಪಾಸಣೆಗೆ ಬಂದವರು ಕೇಳುವುದೂ ಇಂಥದ್ದನ್ನೇ. ಆಯಾ ತಡವರಿಸಿದರೆ ತಪ್ಪು ಕಲಿಸಿದವರದ್ದು. ಅಂದೇ ಮತ್ತೆ ತೋರಿಸಿಕೊಟ್ಟು, ತರಬೇತಿ ರಿಜಿಸ್ಟರಿನಲ್ಲಿ ದಿನಾಂಕದೊಂದಿಗೆ ಸಹಿ ಪಡೆಯಿರಿ.