‘ಸೆಟ್’ ಕಂಡರೆ ಅದರ ಬಾಲ ನೋಡಿ

ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರಿಗೆ ಒಂದು ಉಪಾಯ: ‘ಸೆಟ್’ ಕ್ರಿಯಾಪದವನ್ನು ಒಂಟಿಯಾಗಿ ಕಲಿಸಬೇಡಿ. ಬಾಲಕ್ಕೆ ಅಂಟಿದ ಪುಟ್ಟ ಪದವನ್ನೂ ಸೇರಿಸಿ ಒಂದೇ ಪದವೆಂಬಂತೆ ಬರೆಸಿ, ಪಕ್ಕದಲ್ಲಿ ಒಂದು ಕನ್ನಡ ಕ್ರಿಯಾಪದ ಇಡಿ. ಸೆಟ್ ಅಪ್ ಎಂದರೆ ಸ್ಥಾಪಿಸು, ಸೆಟ್ ಅಸೈಡ್ ಎಂದರೆ ತೆಗೆದಿರಿಸು, ಸೆಟ್ ಔಟ್ ಎಂದರೆ ಹೊರಡು. ಅರ್ಥದ ಭಾರ ಹೊರುವುದು ಬಾಲವೇ. ನಮ್ಮ ‘ಹಾಕು’ವಿಗೆ ಅರ್ಥ ತಲೆಯ ಕಡೆಯಿಂದ ಬರುತ್ತದೆ, ಅಷ್ಟೇ ವ್ಯತ್ಯಾಸ: ಬೀಗ ಹಾಕು, ಅರ್ಜಿ ಹಾಕು, ರಂಗೋಲಿ ಹಾಕು. (ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇದ್ದದ್ದು ಈ ಪದಕ್ಕೇ, ಬಾಯಿಪಾಠ ಮಾಡಿಸುವುದು ಶಿಕ್ಷೆಯೇ ಸರಿ.) ಬಾಲವಿಲ್ಲದ ಕಡೆ ಉಪಾಯ ನಡೆಯದು: ಸೂರ್ಯ ಸೆಟ್ ಆದರೆ ಮುಳುಗಿದ, ಸಿಮೆಂಟ್ ಸೆಟ್ ಆದರೆ ಗಟ್ಟಿಯಾಯಿತು; ಸೆಟ್ ದೋಸೆಯಲ್ಲಂತೂ ತಟ್ಟೆಗೆ ಒಟ್ಟಿಗೆ ಬರುವ ಎರಡು ಮೂರು ದೋಸೆ. ಬಾಲವಿದ್ದೂ ಕೈಕೊಡುವವು ಕೆಲವು. ಸೆಟ್ ಆಫ್ ಎಂದರೆ ಪ್ರಯಾಣ ಹೊರಡುವುದೂ ಹೌದು, ಪಟಾಕಿ ಸಿಡಿಸುವುದೂ ಹೌದು, ಆದಾಯ ತೆರಿಗೆಯಲ್ಲಿ ನಷ್ಟವನ್ನು ಲಾಭಕ್ಕೆ ವಜಾ ಹಾಕಿಕೊಳ್ಳುವುದೂ ಹೌದು. ಸೆಟ್‌ಬ್ಯಾಕ್ ಸುದ್ದಿಯಲ್ಲಿ ಹಿನ್ನಡೆ. ಬೆಂಗಳೂರಿನಲ್ಲಿ ಮನೆ ಕಟ್ಟುವವರ ನಕ್ಷೆಯಲ್ಲಿ ಗೋಡೆಗೂ ನಿವೇಶನದ ಗಡಿಗೂ ನಡುವೆ ಬಿಡಬೇಕಾದ ಜಾಗ. ಬಿಡುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.